ಐವತ್ತೆಂಟರ ಬಣ್ಣ

"ಮೊದಲು ಆ ಯಂತ್ರನ ಆಚೆ ಎಸಿ," ಎಂದಳು ಅತ್ತೆ.

ಸೊಸೆ ಎಸೆಯಲಿಲ್ಲ. ಕಾಫಿಪುಡಿಯನ್ನು ಪುಟ್ಟ ತಟ್ಟೆಯಲ್ಲಿ ಒತ್ತಿ ಸಮ ಮಾಡಿ, ತಾನು ತರಿಸಿದ್ದ ಹೊಸ ಯಂತ್ರದೊಳಗೆ ತಳ್ಳಿದಳು. "ಪುಡಿ ಮೇಲೆ ಬೆಳಕು ಬಿಟ್ಟು, ಎಷ್ಟು ವಾಪಸ್ ಬಂತು ಅಂತ ನೋಡುತ್ತೆ ಅತ್ತೆ. ಕಪ್ಪಾದಷ್ಟೂ ಅಂಕಿ ಕಮ್ಮಿ. ನಿನ್ನೆ ನೀವು ಹುರಿದಿದ್ದು ನಲವತ್ತೈದು."

"ನನ್ನ ಕಣ್ಣಿಗಿಂತ ಅದು ಹೆಚ್ಚಾ? ನೀನು ಹುಟ್ಟೋಕ್ ಮುಂಚಿಂದ ಹುರೀತಿದೀನಿ ಕಣೇ!"

ಬಾಯಿ ಜೋರಿತ್ತೇ ಹೊರತು ಒಳಗೊಳಗೇ ಅಂಜಿಕೆ. ತಿಂಗಳಿಂದ ಒಂದೇ ದೂರು: ಪುಡಿ ಕಹಿ, ಸೀದ ವಾಸನೆ. ಖಾಯಂ ಪುಡಿ ಕೊಳ್ಳುವ ಹೋಟೆಲಿನವನಂತೂ, ಇವತ್ತಿನದು ಮೊದಲಿನ ಹಾಗಿಲ್ಲದಿದ್ದರೆ ಬೇರೆ ಕಡೆ ನೋಡ್ಕೋತೀನಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋಗಿದ್ದ. ಅವನು ಕೈಬಿಟ್ಟರೆ ಇವರ ಪುಡಿ ಅಂಗಡಿಗೆ ಬೀಗವೇ. ಅತ್ತೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಬೀಜ ಅದೇ, ಕೈ ಅದೇ. ಕಣ್ಣೋ, ಮೊದಲಿಗಿಂತ ಚುರುಕು. ಪೊರೆ ತೆಗೆಸಿ ತಿಂಗಳಾಗಿತ್ತಷ್ಟೆ.

ಸೊಸೆ ಅಟ್ಟದಿಂದ ಹಳೆಯ ಡಬ್ಬಿ ಇಳಿಸಿದಳು. ಆಪರೇಷನ್ನಿಗೆ ಮುಂಚೆ ಹುರಿದ ಪುಡಿ. ಯಂತ್ರ ಐವತ್ತೆಂಟು ತೋರಿಸಿತು.

ಅತ್ತೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದನ್ನ ನಾನು ಹುರಿದೆನಾ? ಥೂ, ಅರೆಬರೆ!"

"ಪೊರೆ ಇದ್ದಾಗ ನಿಮಗೆ ಎಲ್ಲಾ ಒಂಚೂರು ಕಪ್ಪಾಗೇ ಕಾಣ್ತಿತ್ತು, ಬೇಗ ಇಳಿಸ್ತಿದ್ರಿ. ಜನ ಹೊಗಳ್ತಿದ್ದಿದ್ದು ಇದನ್ನೇ. ಈಗ ಎಲ್ಲಾ ತಿಳಿಯಾಗಿ ಕಾಣುತ್ತೆ, ಸೀಯೋವರೆಗೂ ಬಿಡ್ತೀರಿ."

ಇಷ್ಟು ವರ್ಷ ಕೈಗುಣ ಎಂದು ಮೆರೆದದ್ದು ಬರೀ ಪೊರೆಯ ಗುಣವೇ? ಅತ್ತೆಗೆ ಅವಮಾನವಾಯಿತು, ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಹಾಗಾದ್ರೆ ಕಣ್ಣು ಮಾಡಿಸ್ಕೊಂಡಿದ್ದೇ ತಪ್ಪಾ?"

"ಅಯ್ಯೋ, ತಪ್ಪೇನು? ನನ್ನ ಅಡುಗೇಲಿ ಕೂದಲು ಹುಡುಕೋಕೆ ಅನುಕೂಲ ಆಯ್ತಲ್ಲ."

ಅತ್ತೆಗೆ ನಗು ಬಂದರೂ ನಗಲಿಲ್ಲ. ಮಧ್ಯಾಹ್ನವೆಲ್ಲ ಇಬ್ಬರೂ ಸ್ವಲ್ಪ ಸ್ವಲ್ಪವೇ ಹುರಿದು, ಪುಡಿ ಮಾಡಿ, ಅಳೆದರು. ನಲವತ್ತೊಂಬತ್ತು. ಅರವತ್ತಮೂರು. ಕೊನೆಗೂ ಐವತ್ತೆಂಟು ಬಂದಾಗ, ಇಳಿಸುವ ಹೊತ್ತಿಗೆ ಹುರಿಯುವ ಡ್ರಮ್ಮಿನ ಬಿಸಿ ಎಷ್ಟಿತ್ತೆಂದು ಸೊಸೆ ನೆನಪಿಟ್ಟುಕೊಂಡಳು.

ಹೋಟೆಲಿನ ಬೀಜ ಡ್ರಮ್ಮಿಗೆ ಬಿತ್ತು. ಇದ್ದದ್ದು ಅಷ್ಟೇ ಬೀಜ, ಕೆಟ್ಟರೆ ಇನ್ನೊಂದಿಲ್ಲ. ಅತ್ತೆ ಸೆರಗಿನಿಂದ ಮುಖ ಒರೆಸಿ ಒರೆಸಿ ಕೆಂಪು ಮಾಡಿಕೊಂಡಳು. ಸೊಸೆ ಬಿಸಿ ತೋರಿಸುವ ಮುಳ್ಳಿನಿಂದ ಕಣ್ಣು ಕೀಳಲಿಲ್ಲ.

"ಈಗ, ಅತ್ತೆ!"

ಅತ್ತೆ ಡ್ರಮ್ಮಿನ ಗಾಜಿನಲ್ಲಿ ಇಣುಕಿದಳು. ಅವಳ ಕಣ್ಣಿಗೆ ಬೀಜ ಇನ್ನೂ ಹಸಿಹಸಿ. ಕೈ ಬೀಜ ಇಳಿಸುವ ಹಿಡಿಕೆಯ ಮೇಲೆ ನಿಂತುಬಿಟ್ಟಿತು.

"ಅತ್ತೆ, ಮೀರ್ತಿದೆ!"

ಅತ್ತೆ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು ಹಿಡಿಕೆ ಎಳೆದಳು.