ದ್ರಾಕ್ಷಿ ಕತ್ತರಿ

ಜೈನರ ದಶಲಕ್ಷಣ ಪರ್ವ ಮುಗಿದು ಎಲ್ಲರೂ ಕ್ಷಮೆ ಕೇಳುವ ದಿನ. ಐಗಳಿಯ ಕಮಲಾಬಾಯಿಯ ಬಾಗಿಲಿಗೆ ಪಕ್ಕದ ತೋಟದ ತ್ರಿಶಲಾ ಬಂದಳು. ತನ್ನ ಮನೆಯ ದ್ರಾಕ್ಷಿ ಕತ್ತರಿಯನ್ನು ತ್ರಿಶಲಾ ಕದ್ದಳೆಂದು ಕಮಲಾಬಾಯಿ ದೂರಿದಂದಿನಿಂದ ಮೂರು ವರ್ಷ ಇಬ್ಬರಿಗೂ ಮಾತಿರಲಿಲ್ಲ.

"ಉತ್ತಮ ಕ್ಷಮಾ, ವೈನಿ."

ಇವಳಿಗೇನು ಬೇಕಾಗಿದೆಯೋ ಎಂದುಕೊಂಡಳು ಕಮಲಾಬಾಯಿ. "ಸೆರಗಿನ್ಯಾಗ ಏನ್ ಮುಚ್ಚಿಟ್ಟೀಯ?"

"ಕತ್ತರಿ ಐತ್ರಿ. ನಿಮ್ಮನಿ ಅಣ್ಣಾರ ಕಾಲ ಮುರದೈತಿ. ಈ ವರ್ಷ ನಿಮ್ಮ ಬಳ್ಳಿ ಕತ್ತರಸಾಕ ನಾ ಬರ್ತೇನಿ."

ಕಮಲಾಬಾಯಿ ಕತ್ತರಿ ಕಸಿದುಕೊಂಡು, ಕಳುವಾದ ಕತ್ತರಿಯ ಹಿಡಿಕೆಯಲ್ಲಿ ಗಂಡ ಕೊರೆದಿದ್ದ ಗುರುತನ್ನು ಇದರಲ್ಲಿ ಹುಡುಕಿದಳು. ಇರಲಿಲ್ಲ.

"ಇನ್ನೊಂದ ಮಗ್ಗಲಾನೂ ನೋಡ್ರಿ," ಎಂದಳು ತ್ರಿಶಲಾ. "ನೋಡಿ ಆದ ಮ್ಯಾಲೆ ಚಾ ಇಡ್ರಿ."

ಮಗುಚಿದರೆ ಅಲ್ಲಿಯೂ ಇರಲಿಲ್ಲ; ಅದು ತ್ರಿಶಲಾಳದೇ ಕತ್ತರಿ. ಕಮಲಾಬಾಯಿ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಬಾಗಿಸಿದಳು.

"ತಪ್ಪ ನಂದ ಐತಿ, ತ್ರಿಶಲಾ. ಉತ್ತಮ ಕ್ಷಮಾ. ಒಳಗ ಬಾರವಾ."