ಆಚಾರಿಯ ರಕ್ಕಸಿಗೆ ಕೈ ಬಂದದ್ದು

ತಿಥಿಯ ಮಾರನೆಯ ದಿನ ಶಾಮಿಯಾನದವರು ಬಂದು ಕುರ್ಚಿ, ಕೊಳಗ ಎಣಿಸಿಕೊಂಡು ಹೋದರು. ಅದರ ಮಾರನೆಯದು ಮೊದಲ ಮಾಮೂಲಿ ಬೆಳಿಗ್ಗೆ. ಆರು ಗಂಟೆಗೆ ಕರೆಂಟು ಬಂತು, ಗದ್ದೆ ಕಡೆ ಮೋಟಾರು ಓಡಿದ ಸದ್ದು ಕೇಳಿಸಿತು. ಅತ್ತೆ ದೇವಿರಮ್ಮ ಹಿತ್ತಲಲ್ಲಿ ಕೋಳಿಯನ್ನು ಬೈದರು. ಹನ್ನೆರಡು ದಿನದಿಂದ ಅವರು ಯಾರನ್ನೂ ಬೈದಿರಲಿಲ್ಲ. ನಾನು ಹಲ್ಲುಜ್ಜಿದೆ. ಮುಂದೇನು ಮಾಡಬೇಕೆಂದು ತೋಚದೆ ಇನ್ನೊಮ್ಮೆ ಹಲ್ಲುಜ್ಜಿದೆ.

ಅಂಬರೀಶ ನನ್ನ ಗಂಡ. ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಎದೆ ನೋವೆಂದು ಹೊಳಲಿನ ರಸ್ತೆಯಲ್ಲಿ ಬೈಕು ನಿಲ್ಲಿಸಿದವನು ಮತ್ತೆ ಹತ್ತಲಿಲ್ಲ. ಮೂವತ್ತಾರು ವರ್ಷ. ಈ ವಿಷಯದಲ್ಲಿ ನನಗೆ ಹೇಳುವುದಕ್ಕೆ ಇಷ್ಟೇ ಇದೆ.

ಅವನು ಕೊಂಡ ಸಾಮಾನಿಗಿಂತ ಈಸಿಕೊಂಡ ಸಾಮಾನು ಹೆಚ್ಚು. ಪಕ್ಕದ ಮನೆಯ ಏಣಿ, ಎದುರು ಮನೆಯ ಸೈಕಲ್ ಪಂಪು, ಯಾರದ್ದೋ ಹೆಲ್ಮೆಟ್ಟು. ಅತ್ತೆ ಎಲ್ಲವನ್ನೂ ಜಗುಲಿಗೆ ತಂದಿಟ್ಟರು.

"ಈಸ್ಕಂಡಿದ್ನೆಲ್ಲ ಕೊಟ್ಬುಡ್ಬೇಕು ಕಣವ್ವ ಸ್ವೇತ. ಮನೇಲೇ ಇಕ್ಕಂಡ್ರೆ ಮಗ ಅದ್ನೇ ನೆಪ ಮಾಡ್ಕಂಡು ತಿರ್ಗಾ ಬಂದು ಬಾಗ್ಲು ತಟ್ತಾನೆ."

ಹಾಗಾದರೆ ಕೊಡುವುದೇ ಬೇಡ ಅನ್ನಿಸಿತು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಹೋಗಿ ಒಂದು ಪುಸ್ತಕ ಉಳಿಯಿತು. ಅದು ಮದ್ದೂರಿನ ಬಾಬು ಜಾನ್ ಅವರದ್ದು. ಅವರು ಬೋರ್ಡು, ಲಾರಿ, ನಂಬರ್ ಪ್ಲೇಟು ಬರೆಯುವವರು. ಐವತ್ತು ವರ್ಷದ ಹಿಂದೆ ಒಂದು ವಾರಪತ್ರಿಕೆಯಲ್ಲಿ ವಾರಕ್ಕೊಂದು ಪುಟದಂತೆ ಬಂದ ಚಿತ್ರಕಥೆಯನ್ನು ಕತ್ತರಿಸಿ, ಕಂದು ಹಾಳೆಗೆ ಅಂಟಿಸಿ, ಹೊಲಿದು ರಟ್ಟು ಹಾಕಿದ್ದರು. ಕಥಾನಾಯಕನ ಹೆಸರು ಸಿಡಿಲಯ್ಯ. ಬರೆದವರು ಮಳವಳ್ಳಿಯ ಮರಿಸಿದ್ದಾಚಾರಿ. ಬೇರೆ ಪ್ರತಿ ಎಲ್ಲೂ ಇಲ್ಲವೆಂದು ಅಂಬರೀಶ ಹೇಳುತ್ತಿದ್ದ. ಆಚಾರಿಯ ಗೆರೆಯ ಬಗ್ಗೆ ಒಂದು ಲೇಖನ ಬರೆಯುತ್ತೇನೆಂದು ತಂದವನು ಎಂಟು ತಿಂಗಳಲ್ಲಿ ಶೀರ್ಷಿಕೆಯನ್ನೂ ಬರೆದಿರಲಿಲ್ಲ.

ಬರೆಯುವ ಬದಲು ನಾವು ಒಂದು ಆಟ ಆಡುತ್ತಿದ್ದೆವು. ನಾನು ಮಾನಸಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಓದಿದವಳು. ಮೂರ್ತಿಯ ಕಾಲ್ಬೆರಳು ನೋಡಿ ಕಾಲ ಹೇಳುವ ದುರಭ್ಯಾಸವಿದೆ. ಪುಸ್ತಕ ನೋಡಿದ ಮೊದಲ ದಿನವೇ "ಇದೆಲ್ಲ ಕದ್ದ ಮಾಲು" ಅಂದೆ. "ಹಾಗಾದರೆ ಎಲ್ಲಿಂದ ಕದ್ದದ್ದು ಹೇಳು" ಅಂದ. ಹೇಳತೊಡಗಿದೆ.

ಮೋಡಗಳನ್ನು ಸ್ವಂತ ಅಪ್ಪನಿಂದ ಕದ್ದದ್ದು. ಅಪ್ಪ ಬಾಗಿಲವಾಡ ಕೆತ್ತುವವರು. ಮಗನ ಆಕಾಶದಲ್ಲಿ ಮೋಡಗಳು ಬಾಗಿಲವಾಡದ ಬಳ್ಳಿಯ ಹಾಗೆ ಸುತ್ತಿಕೊಂಡು ಹೋಗುತ್ತವೆ, ಮಳೆ ಬರುವ ಲಕ್ಷಣವೇ ಇಲ್ಲ. ರಾಕ್ಷಸರು ತೊಗಲುಗೊಂಬೆಯಿಂದ: ಎದೆ ನಮ್ಮ ಕಡೆ, ಮುಖ ಪಕ್ಕಕ್ಕೆ, ಕಣ್ಣು ಕೋಳಿಮೊಟ್ಟೆ ಗಾತ್ರ. ಸಿಡಿಲಯ್ಯನ ತೊಡೆ ಗರಡಿಮನೆಯದು. ನೆಲ ಕಂಪನಿ ನಾಟಕದ ಪರದೆಯದು, ಎಲ್ಲಿ ನಿಂತರೂ ಕಪ್ಪು ಬಿಳಿ ಚೌಕ. ಕಾಡಿನ ನಡುವೆಯೂ ಯಾರೋ ಚೌಕದ ಕಲ್ಲು ಹಾಸಿ, ಗುಡಿಸಿ ಹೋಗಿದ್ದಾರೆ.

ನೆರಳು ಮಾತ್ರ ಈ ಸೀಮೆಯದಲ್ಲ. ಆಚಾರಿಯ ಸೋದರಮಾವ ಶಿವನಸಮುದ್ರದ ಪವರ್ ಹೌಸಿನಲ್ಲಿದ್ದರಂತೆ. ಸಾಹೇಬರು ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಗಳ ಕಟ್ಟು ಅವರ ಅಟ್ಟದಲ್ಲಿತ್ತಂತೆ. ಅರ್ಧ ಮುಖ ಕತ್ತಲಲ್ಲಿ ಮುಳುಗಿಸುವುದನ್ನು, ನೆಲದ ಮಟ್ಟದಿಂದ ನೋಡಿದಂತೆ ಬರೆದು ಆಳನ್ನು ಮರದೆತ್ತರ ಮಾಡುವುದನ್ನು ಅಲ್ಲಿಂದ ಎತ್ತಿದ್ದಾರೆ. ಜೊತೆಗೆ ಕರೆಂಟು ಕಂಬದ ಪಿಂಗಾಣಿ ಬಟ್ಟಲುಗಳನ್ನೂ ಎತ್ತಿ ರಾಕ್ಷಸರ ಕೊರಳಿಗೆ ಹಾರ ಮಾಡಿ ಹಾಕಿದ್ದಾರೆ.

"ಇಷ್ಟು ಜನರಿಂದ ಕದ್ದರೂ ಒಂದು ಪುಟ ನೋಡಿದರೆ ಆಚಾರಿ ಅಂತ ಗೊತ್ತಾಗತ್ತಲ್ಲ, ಅದು ಹೇಗೆ?" ಎಂದು ಅಂಬರೀಶ ಕೇಳುತ್ತಿದ್ದ.

ಅದಕ್ಕೂ ಉತ್ತರ ಸಿಕ್ಕಿತ್ತು. ಆಚಾರಿಗೆ ಕೈ ಬರೆಯಲು ಬರುತ್ತಿರಲಿಲ್ಲ. ಇಡೀ ಪುಸ್ತಕದಲ್ಲಿ ಒಂದು ಹಸ್ತವಿಲ್ಲ. ಗುರಾಣಿಯ ಹಿಂದೆ, ಬೆನ್ನ ಹಿಂದೆ, ಸೆರಗಿನ ಒಳಗೆ, ಬಂಡೆಯ ಆಚೆ. ಸಿಡಿಲಯ್ಯ ಮದುವೆಯಾಗುವಾಗಲೂ ಸರಿಯಾಗಿ ಹಸ್ತದ ಮುಂದೆ ಒಂದು ಬಾಳೆಕಂಬ. ಈ ಕೊರತೆ ಮುಚ್ಚುವುದಕ್ಕೇ ಅವರ ಜನ ಸದಾ ಓರೆಯಾಗಿ, ತಿರುಗಿ, ಬಾಗಿ ನಿಲ್ಲುತ್ತಾರೆ. ಅದೇ ಅವರ ಶೈಲಿ.

ಮದ್ದೂರಿಗೆ ಹೊರಡುವ ಮೊದಲು ಧೂಳು ಒರೆಸೋಣವೆಂದು ಪುಟ ತಿರುವುತ್ತಿದ್ದೆ. ಐವತ್ತೆರಡನೇ ಪುಟದಲ್ಲಿ ಸಿಡಿಲಯ್ಯ ಒಂದು ಗುಹೆಯ ಬಾಗಿಲಿಗೆ ಬರುತ್ತಾನೆ. ಬಾಗಿಲಲ್ಲಿ ರಕ್ಕಸಿ. ಸುರುಳಿ ಮೋಡ, ಚೌಕದ ನೆಲ, ಪಿಂಗಾಣಿ ಹಾರ, ಎಲ್ಲ ಇದೆ. ಆದರೆ ರಕ್ಕಸಿ ಕೈ ಎತ್ತಿದ್ದಾಳೆ. ಪೂರ್ತಿ ಕೈ, ಐದು ಬೆರಳು, ಉಗುರು ಸಮೇತ. ಕಿರುಬೆರಳು ಹೊರಕ್ಕೆ ಸೊಟ್ಟ.

ನನ್ನ ಕಿರುಬೆರಳು ನೋಡಿಕೊಂಡೆ. ಸ್ಕೂಟಿಯಿಂದ ಬಿದ್ದು ಮುರಿದು, ಸೊಟ್ಟಗೇ ಕೂಡಿಕೊಂಡದ್ದು.

ಆಮೇಲೆ ರಕ್ಕಸಿಯ ಮಾತು ಓದಿದೆ: "ಎಲವೋ ನರನೇ! ಕೈ ತೊಳೆದುಕೊಂಡು ಮುಟ್ಟು!"

ನಾನು ನಕ್ಕುಬಿಟ್ಟೆ. ಜೋರಾಗಿಯೇ ಬಂತು. ತಿಥಿ ಮುಗಿದು ಎರಡು ದಿನವಾದ ಮನೆಯಲ್ಲಿ ಆ ಸದ್ದು ಗೋಡೆಗೆಲ್ಲ ತಗುಲಿತು. ಅತ್ತೆ ಮೊರ ಹಿಡಿದುಕೊಂಡೇ ಓಡಿ ಬಂದರು.

"ಯಾಕವ್ವಾ? ಏನಾಯ್ತು?"

ಪುಟ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು.

"ನೀನಲ್ವಾ ಇದು? ಮೂಗು ವಸಿ ದಪ್ಪ ಮಾಡ್ಬುಟ್ಟವ್ನೆ." ಆಮೇಲೆ ಮೊರ ಕೆಳಗಿಟ್ಟು ಕೂತರು. "ತಪ್ಪು ನಂದೇ ಕಣವ್ವ. ಒಂದಾಳೆ ಅಂಟು ಬುಟ್ಟು ನೆಲುಕ್ಕೆ ಬಿದ್ದಿತ್ತು. ಅಳೇ ಪೇಪರ್ರು ಅಂತ ನೀರೊಲೆಗೆ ಆಕ್ಬುಟ್ಟೆ. ಅವನು ಎದೆ ಎದೆ ಬಡ್ಕಂಡ. ಇವಳ್ಗೆ ಯೋಳ್ಬ್ಯಾಡ ಕಣವ್ವೋ, ರಕ್ಕಸಿ ಆಯ್ತಾಳೆ ಅಂದ."

ಯಾರು ಎಂಜಲು ಬೆರಳಿನಲ್ಲಿ ಪುಟ ತಿರುವಿದರೂ "ಕೈ ತೊಳೆದುಕೊಂಡು ಮುಟ್ಟು" ಎಂದು ಬೈಯುವವಳು ನಾನು. ಈಸಿಕೊಂಡ ಪುಸ್ತಕವಾದರೆ ಇನ್ನೂ ಹೆಚ್ಚು.

"ಎರಡು ಭಾನುವಾರ ರೂಮು ಬಾಗ್ಲು ಆಕ್ಕಂಡು ಬರ್ದ. ಆಳೆ ಅಳೇದಂಗೆ ಕಾಣ್ಲಿ ಅಂತ ಕಾಪಿ ನೀರಲ್ಲಿ ಅದ್ದಿ ಒಣಗಾಕ್ದ. ಕಾಪಿ ಪುಡಿ ಬ್ಯಾಗ ಮುಗೀತಿತ್ತಲ್ಲ, ನಾ ನಿನ್ ಮ್ಯಾಲೆ ಗುಮಾನಿ ಪಟ್ಟಿದ್ದೆ."

"ಕದ್ದು ಕುಡೀತೀನಿ ಅಂತಾನಾ ಅತ್ತೆ?"

"ಓದಿದೋಳು, ಕುಡುದ್ರೂ ಕುಡೀಬೋದು ಅನ್ಕಂಡೆ."

ಪುಟ ಮೂಸಿದೆ. ಸಣ್ಣಗೆ ಕಾಫಿ ವಾಸನೆ. ಅವನು ನನ್ನನ್ನು ಬರೆದ ಒಂದೇ ಚಿತ್ರ ಇದು. ಎಷ್ಟೋ ಸಲ ಕೇಳಿದ್ದೆ; "ನೀನು ಸುಮ್ಮನೆ ಕೂರಲ್ಲ" ಎನ್ನುತ್ತಿದ್ದ. ಬ್ಲೇಡು ತಂದೆ. ಅಂಚಿಗೆ ಇಟ್ಟೆ. ಕತ್ತರಿಸಿದರೆ ಬಾಬು ಜಾನ್ ಅವರ ಪುಸ್ತಕ ಹರಿದುಕೊಟ್ಟ ಹಾಗೆ. ಅದಕ್ಕಿಂತ ಹೆಚ್ಚಾಗಿ, ಅವನು ಇಷ್ಟು ಕಷ್ಟಪಟ್ಟು ಹೂಡಿದ ಆಟವನ್ನು ನಾನೇ ಕೆಡಿಸಿದ ಹಾಗೆ. ಬ್ಲೇಡು ತೆಗೆದಿಟ್ಟೆ.

ಬಸ್ಸಿನಲ್ಲಿ ತೀರ್ಮಾನಿಸಿದೆ. ಬಾಯಿ ಬಿಡುವುದಿಲ್ಲ. ಬಾಬು ಜಾನ್ ಕಂಡುಹಿಡಿದರೆ ಆ ಹಾಳೆಯನ್ನು ಕೇಳುತ್ತೇನೆ. ಕಂಡುಹಿಡಿಯದಿದ್ದರೆ ಅಂಬರೀಶ ಗೆದ್ದ, ಹಾಳೆ ಅಲ್ಲೇ ಇರಲಿ. ಆಚಾರಿಯ ರಕ್ಕಸಿಯೂ ಶುಚಿಯಾದ ಹೆಂಗಸು ಆಗಿದ್ದಿರಬಹುದು.

ಅಂಗಡಿಯಲ್ಲಿ ಬಾಬು ಜಾನ್ ಟ್ರ್ಯಾಕ್ಟರಿನ ನಂಬರ್ ಪ್ಲೇಟು ಬರೆಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಬನ್ನಿ ತಾಯಿ, ಕೂತ್ಕಳಿ. ಇದುಕ್ಕೋಸ್ಕರ ಬರ್ಬೇಕಿತ್ತಾ? ಮೇಷ್ಟ್ರು ನೆನಪಿಗೆ ಇಟ್ಕಬೋದಿತ್ತು."

"ಕೊಡಬೇಕು ಅಂತ ಅತ್ತೆ ಕಳಿಸಿದ್ರು."

ಪುಸ್ತಕ ಮಡಿಲ ಮೇಲಿಟ್ಟುಕೊಂಡು ಒಂದೊಂದೇ ಪುಟ ತಿರುವಿದರು. ನಾನು ಎದುರಿನ ಬೇಕರಿಯ ಬೋರ್ಡನ್ನು ಮೂರು ಸಲ ಓದಿದೆ. ಐವತ್ತೆರಡಕ್ಕೆ ಬಂದರು. ನಿಲ್ಲಲಿಲ್ಲ. ದಾಟಿಹೋದರು. ಅಂಬರೀಶ ಗೆದ್ದ, ಹಾಳೆ ಹೋಯಿತು. ಐವತ್ತೈದರವರೆಗೆ ಹೋದವರು ನಿಧಾನಕ್ಕೆ ಹಿಂದೆ ಬಂದರು.

"ನಮ್ ರಕ್ಕಸಿ ರಕ್ತ ಕೇಳ್ತಿದ್ಲು. ಇವಳು ಕೈ ತೊಳ್ಕಂಡ್ ಬಾ ಅಂತಾಳಲ್ಲ ತಾಯಿ?"

ಅವರು ನನ್ನ ಕೈ ನೋಡಿದರು, ಪುಟ ನೋಡಿದರು. ಭುಜ ಕುಣಿಯತೊಡಗಿತು. ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು.

"ಬಡ್ಡೀಮಗಂದು... ಕ್ಸಮಿಸಿ ತಾಯಿ. ಮೇಷ್ಟ್ರು ಕೈ ಚೆಂದಾಗಿ ಬರೆದ್ಬುಟ್ರು, ಅದ್ಕೇ ಸಿಕ್ಕಾಕಂಡ್ರು. ಇರ್ಲಿ, ನಿಮ್ಗೊಂದು ಯೋಳ್ತೀನಿ. ಸಿಡಿಲಯ್ಯ ಗಗನಚುಕ್ಕಿಯಿಂದ ಧುಮ್ಕೋದು, ಆ ಪುಟ ಮೇಷ್ಟ್ರಿಗೆ ಬಾಳ ಇಷ್ಟ ಅಲ್ವಾ?"

ಹೌದು. ಅದನ್ನು ಅವನು ಆಚಾರಿಯ ಶಿಖರ ಅನ್ನುತ್ತಿದ್ದ. ನೀರನ್ನು ಬರೆಯದೆ, ಬಂಡೆಗಳನ್ನು ಮಾತ್ರ ಕಪ್ಪು ಮಾಡಿ, ಖಾಲಿ ಕಾಗದವೇ ಬೋರ್ಗರೆಯುವಂತೆ ಮಾಡಿದ್ದಾರೆಂದು ನನ್ನನ್ನು ಕೂರಿಸಿಕೊಂಡು ಒಂದು ಗಂಟೆ ಪಾಠ ಮಾಡಿದ್ದ.

"ಅದು ನಂದು. ಎಂಬತ್ತೇಳ್ರಲ್ಲಿ ಅಂಗ್ಡಿಗೆ ನೀರು ನುಗ್ಗಿ ಐದು ಪುಟ ಓಯ್ತು. ನೆನಪಲ್ಲೇ ಬರ್ದೆ. ನೀರು ಬರ್ಯೋಷ್ಟೊತ್ಗೆ ಇಂಕು ಮುಗೀತು. ಹಂಗೇ ಬುಟ್ಟೆ."

"ಅವನಿಗೆ ಹೇಳಲಿಲ್ವಾ?"

"ಅಷ್ಟು ವೊಗಳ್ತಿದ್ರು. ಯಾಕ್ ಯೋಳ್ಲಿ?"

ಈಗ ನಾನೂ ನಕ್ಕೆ. ಅಂಬರೀಶನೂ ಇವರೂ ಒಬ್ಬರಿಗೊಬ್ಬರು ಟೋಪಿ ಹಾಕಿ, ಇಬ್ಬರೂ ಸುಮ್ಮನೆ ಚಹಾ ಕುಡಿಯುತ್ತಾ ಕೂತಿದ್ದರು, ಈ ಬೆಂಚಿನ ಮೇಲೆ.

ಬಾಬು ಜಾನ್ ಸ್ಟಿಕರ್ ಕತ್ತರಿಸುವ ಬ್ಲೇಡು ತೆಗೆದರು. ಐವತ್ತೆರಡನ್ನು ತೆರೆದು ಹಿಡಿದು ಅಂಚು ಸವರಿದರು.

"ಇದು ನಿಮ್ದು ತಾಯಿ. ಗಾಯ ಆಗ್ದಂಗೆ ತಗುದ್ಕೊಡ್ತೀನಿ. ಬೇರೆ ರಕ್ಕಸಿ ನಾ ಬರ್ಕತೀನಿ."

ಕೇಳಬೇಕೆಂದು ಬಂದದ್ದು ಕೇಳದೆಯೇ ಸಿಗುತ್ತಿತ್ತು. ಕೈ ಚಾಚಿದರೆ ಸಾಕಿತ್ತು. ಮನೆಗೆ ಒಯ್ದು ಏನು ಮಾಡುತ್ತಿದ್ದೆ? ಚೌಕಟ್ಟು ಹಾಕಿಸಿ, ಅವನ ಫೋಟೋ ಪಕ್ಕ ತೂಗುಹಾಕಿ, ಬಂದವರಿಗೆಲ್ಲ ವಿವರಿಸಬೇಕಿತ್ತು. ಇಲ್ಲಿದ್ದರೆ ರಕ್ಕಸಿಗೆ ಕೆಲಸವಿದೆ. ಅವಳು ಬಾಗಿಲು ಬಿಡದೆ ಸಿಡಿಲಯ್ಯ ಐವತ್ತಮೂರಕ್ಕೆ ಹೋಗುವ ಹಾಗಿಲ್ಲ.

"ಇದನ್ನ ಮುಂದೆ ಯಾರಿಗಾದರೂ ಓದೋಕೆ ಕೊಡ್ತೀರಾ?" ಎಂದೆ.

"ಮಳವಳ್ಳಿ ಕಾಲೇಜೋರು ಕೇಳ್ತಾವ್ರೆ. ಆಚಾರ್ರ ಬಗ್ಗೆ ಏನೋ ಬರೀತಾರಂತೆ."

"ಬ್ಲೇಡು ಒಳಗಿಡಿ ಬಾಬಣ್ಣ. ಅವರಿಗೆ ಏನೂ ಹೇಳಬೇಡಿ."

ಅವರು ನನ್ನ ಮುಖವನ್ನೇ ನೋಡಿದರು. ಮೀಸೆ ಸ್ವಲ್ಪ ಅಲುಗಿತು. "ರಕ್ಕಸಿ ಅಂದ್ರೆ ರಕ್ಕಸೀನೇ" ಎಂದು ಬ್ಲೇಡು ಮಡಚಿದರು.

ಈಸಿಕೊಂಡದ್ದನ್ನು ನಾನಿನ್ನೂ ಕೊಟ್ಟ ಹಾಗಾಗಿರಲಿಲ್ಲ. ಪುಸ್ತಕವನ್ನು ಅವರ ಮಡಿಲಿನಿಂದ ಎತ್ತಿಕೊಂಡೆ. ಸರಿಯಾಗಿ ಮುಚ್ಚಿ, ನಿಂತುಕೊಂಡು, ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟೆ. ಅವರೂ ಎದ್ದು ನಿಂತು ತೆಗೆದುಕೊಂಡರು.