ಹಲಗಲಿ ಸರ್ ಅಳಿಸಿದ ದಾರಿ

ನಾನು ಸೆಟ್ಟಿಂಗ್ ಫೈಲಿನ ಒಂದು ಸಾಲು. ಹೆಸರು ಪಾಥ್, ಅಂದರೆ ದಾರಿ. ಬಾಗಲಕೋಟೆಯ ಡಿಪ್ಲೊಮಾ ಕಾಲೇಜೊಂದರ ಕಂಪ್ಯೂಟರಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದ ದಿನ ಹುಟ್ಟಿದೆ. ನನ್ನೊಳಗಿದ್ದದ್ದು ಕೆಲವು ಫೋಲ್ಡರುಗಳ ವಿಳಾಸ, ಅಷ್ಟೇ. ಯಾರಾದರೂ ಆಜ್ಞೆ ಟೈಪು ಮಾಡಿದರೆ ಶೆಲ್ ಎಂಬುವನು ನನ್ನನ್ನು ಓದಿ, ಆ ಹೆಸರಿನ ಪ್ರೋಗ್ರಾಮನ್ನು ನನ್ನ ವಿಳಾಸಗಳಲ್ಲಿ ಒಂದೊಂದಾಗಿ ಹುಡುಕುತ್ತಾನೆ. ಮೊದಲು ಸಿಕ್ಕಿದ್ದನ್ನು ಓಡಿಸುತ್ತಾನೆ. ನಾನು ಹೇಳದ ಕಡೆ ತಲೆ ಹಾಕುವುದಿಲ್ಲ, ಸೋಮಾರಿ.

ವರ್ಷಗಟ್ಟಲೆ ಹುಡುಗರು ನನ್ನ ಮೇಲೇ ನಡೆದಾಡಿದರು. ನಾನಿದ್ದೇನೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಪರೀಕ್ಷೆಗೆ ಬರುವುದಿಲ್ಲವಲ್ಲ.

ಗೊತ್ತಿದೆ ಎಂದುಕೊಂಡವರು ಲ್ಯಾಬಿನ ಹಲಗಲಿ ಸರ್. ಹೊರಗಿನ ಪರೀಕ್ಷಕರು ಬರುವ ದಿನವೇ ಅವರಿಗೆ ಕಂಪೈಲರ್ ಎಂಬ ಹೊಸ ಪ್ರೋಗ್ರಾಮು ಹಾಕುವ ಉಮೇದು ಬಂತು. ಅದರ ವಿಳಾಸವನ್ನು ನನ್ನ ಕೊನೆಗೆ ಸೇರಿಸಬೇಕಿತ್ತು. ವಿಡಿಯೋ ನೋಡುತ್ತ ನೋಡುತ್ತ, ಫೋನಿನಲ್ಲಿ ಹರಟುತ್ತ, ನನ್ನಲ್ಲಿದ್ದದ್ದನ್ನೆಲ್ಲ ಅಳಿಸಿ ಅದೊಂದನ್ನೇ ಬರೆದರು. ಕಂಪ್ಯೂಟರನ್ನು ಆರಿಸಿ ಮತ್ತೆ ಚಾಲೂ ಮಾಡಿದರು.

ಕಪ್ಪು ಪರದೆ ಬಂತು. ಯಾವ ಆಜ್ಞೆ ಕೊಟ್ಟರೂ ಶೆಲ್ “ಸಿಗಲಿಲ್ಲ” ಎಂದ.

“ವೈರಸ್ ಬಂದೈತಿ,” ಎಂದರು ಸರ್, ಡಾಕ್ಟರರ ಗತ್ತಿನಲ್ಲಿ.

ಕೊನೆಯ ವರ್ಷದ ನೀಲಗಂಗಾ ಓಡಿ ಬಂದಳು. ಅವಳ ಪ್ರಾಜೆಕ್ಟು ಇದ್ದದ್ದು ಇದೊಂದೇ ಕಂಪ್ಯೂಟರಿನಲ್ಲಿ. ಮಧ್ಯಾಹ್ನ ತೋರಿಸದಿದ್ದರೆ ಫೇಲು.

“ಸರ್, ನಂದು ಅದರಾಗ ಐತ್ರಿ.”

“ನಿನ್ನೆ ಪೆನ್‌ಡ್ರೈವ್ ಚುಚ್ಚಿದ್ದಿ ಹೌದಿಲ್ಲ?”

“ಹಾಡು ಹಾಕ್ಕೊಂಡೇನ್ರಿ ಅಷ್ಟ.”

“ಹಾಂ! ಹಾಡಿನಾಗ ಬಂದೈತಿ ನೋಡು. ನೀನ ತಂದಿ.”

ಹಾಡು ತುಂಬಿಕೊಂಡವಳಿಗೆ ಪ್ರಾಜೆಕ್ಟನ್ನೂ ತುಂಬಿಕೊಳ್ಳಬೇಕೆಂದು ಹೊಳೆದಿರಲಿಲ್ಲ. ಈಗ ಕಾಪಿ ಮಾಡುವ ಆಜ್ಞೆ ಒತ್ತಿದಳು. ಸಿಗಲಿಲ್ಲ. ಆ ಪ್ರೋಗ್ರಾಮು ತನ್ನ ಜಾಗದಲ್ಲೇ ತಣ್ಣಗೆ ಕೂತಿತ್ತು. ಅದರ ಪೂರ್ತಿ ವಿಳಾಸ ಬರೆದಿದ್ದರೆ ಓಡುತ್ತಿತ್ತು. ಅದು ಅವಳಿಗೂ ಗೊತ್ತಿಲ್ಲ, ಕಲಿಸಬೇಕಾದವರಿಗೂ ಗೊತ್ತಿಲ್ಲ.

ಸರ್ ನಾನೂ ಅವಳ ಪ್ರಾಜೆಕ್ಟೂ ಇದ್ದ ಡಿಸ್ಕನ್ನೇ ಬಿಚ್ಚಿ ಬೀರುವಿಗೆ ಎಸೆದು ಹೊಸದು ಹಾಕಿದರು. ಪರೀಕ್ಷಕರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಕೈ ಒರೆಸಿಕೊಂಡರು. “ಪ್ರಾಜೆಕ್ಟ ಇಲ್ಲಂದ್ರ ಏನ್ ನೋಡ್ಲಿ, ಯವ್ವಾ?”

ನೀಲಗಂಗಾ ಬಾಯಿಗೆ ಓಡಣಿ ಒತ್ತಿಕೊಂಡು ಹೊರಗೆ ಹೋದಳು. “ಮುಂದಿನ ಸಲ ಛಲೋ ಮಾಡಿ ತೋರಸ್ತಾಳ ಬಿಡ್ರಿ,” ಎಂದು ಸರ್ ಇನ್ನೊಂದು ಕಪ್ ಚಹಾ ತರಿಸಿದರು.

ಈಗ ನಾನು ಬೀರುವಿನ ತಳದಲ್ಲಿ, ಗುಂಡಿ ಕಿತ್ತ ಕೀಬೋರ್ಡುಗಳ ಕೆಳಗೆ ಮುದುಕನಾಗುತ್ತಿದ್ದೇನೆ. ಹಲಗಲಿ ಸರ್ ವಿಭಾಗದ ಮುಖ್ಯಸ್ಥರಾದರು. ವರ್ಷವರ್ಷವೂ ಹೊಸ ಹುಡುಗರಿಗೆ ವೈರಸ್ಸಿನ ಮೇಲೆ ಭಾಷಣ ಬಿಗಿಯುತ್ತಾರೆ, ಎಲ್ಲರೂ ಬರೆದುಕೊಳ್ಳುತ್ತಾರೆ. ನೀಲಗಂಗಾ ಅದೇ ಪ್ರಾಜೆಕ್ಟನ್ನು ಮೊದಲಿನಿಂದ ಬರೆದು, ತನ್ನ ಜೊತೆಯವರೆಲ್ಲ ಹೋದಮೇಲೆ ಪಾಸಾದಳು.

ಅವಳು ಮೊದಲು ಬರೆದದ್ದು ಇಲ್ಲೇ, ನನ್ನ ಪಕ್ಕದಲ್ಲಿದೆ. ಒಂದಕ್ಷರವೂ ಕೆಟ್ಟಿಲ್ಲ.